ಟಾವೆಲ್ಲಿನ ಕೆಳಗಿನ ಕೈ

ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದು ಹುಮ್ಮಸ್ಸಿನಿಂದಲ್ಲ, ಹೆಂಡತಿಯ ಕಾಟಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ಕೆಲವರು ನನ್ನನ್ನು ತೋರಿಸಿ ತಮ್ಮ ಮಕ್ಕಳಿಗೆ, ನೋಡು, ಆ ವಯಸ್ಸಿನಲ್ಲಿ ಕಲಿತು ನೌಕರಿ ಹಿಡಿದ ಮನುಷ್ಯ, ಎಂದು ಉಪದೇಶ ಮಾಡುತ್ತಾರೆ. ಆ ಮಕ್ಕಳು ನನ್ನನ್ನು ದುರುಗುಟ್ಟಿ ನೋಡುತ್ತಾರೆ. ನಾನು ಅವರ ಪಕ್ಷ.

ಅದಕ್ಕೂ ಮೊದಲು ಇಪ್ಪತ್ತು ವರ್ಷ ನಾನು ನಿಪ್ಪಾಣಿಯ ಒಂದು ಅಡತಿ ಅಂಗಡಿಯಲ್ಲಿದ್ದೆ. ರೈತರು ತಂದ ಬೆಲ್ಲವನ್ನು ವ್ಯಾಪಾರಸ್ಥರಿಗೆ ಕುದುರಿಸಿ ಕೊಡುವ ಅಂಗಡಿ ಅದು. ಕುದುರಿಸುವವನು ನಾನು. ಕುದುರಿಸುವುದು ಬಾಯಿಂದಲ್ಲ, ಕೈಯಿಂದ. ವ್ಯಾಪಾರಸ್ಥ ಬೆಲ್ಲದ ದೊಡ್ಡ ಅಚ್ಚು, ಅಂದರೆ ಪೆಂಟೆ ಕೆತ್ತಿ, ಮೂಸಿ, ನಾಲಿಗೆಗಿಟ್ಟು ನೋಡಿ ನನ್ನ ಎದುರು ನಿಲ್ಲುತ್ತಾನೆ. ಹೆಗಲ ಮೇಲಿನ ಟಾವೆಲ್ಲು ತೆಗೆದು ಇಬ್ಬರ ಬಲಗೈ ಮುಚ್ಚುವ ಹಾಗೆ ಹಾಕುತ್ತಾನೆ. ಒಳಗೆ ನನ್ನ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಒತ್ತಿದರೆ ಐದು. ನೂರೋ ಸಾವಿರವೋ ಎಂಬುದು ಇಬ್ಬರಿಗೂ ಗೊತ್ತಿರುವ ಸಂಗತಿ. ಅರ್ಧ ಅನ್ನಬೇಕಾದರೆ ಉಗುರಿನಿಂದ ಅಂಗೈ ಕೆರೆಯುತ್ತಾನೆ. ಸುತ್ತ ಹತ್ತು ಜನ ನಿಂತಿರುತ್ತಾರೆ, ಒಬ್ಬನಿಗೂ ಗೊತ್ತಾಗುವುದಿಲ್ಲ. ಮೇಲೆ ಇಬ್ಬರೂ ಮಳೆ, ಕಬ್ಬು, ಮಗಳ ಮದುವೆ ಅಂತ ಮಾತಾಡುತ್ತಿರುತ್ತೇವೆ.

ಈ ಕಸುಬಿನಲ್ಲಿ ಎರಡೇ ನಿಯಮ. ಒಬ್ಬನ ರೇಟು ಇನ್ನೊಬ್ಬನಿಗೆ ಹೇಳಬಾರದು. ಟಾವೆಲ್ಲಿನ ಕೆಳಗೆ ಚಾಚಿದ ಕೈಯನ್ನು ಬೇಡ ಎನ್ನಬಾರದು. ರೇಟು ಒಪ್ಪಿಗೆಯಾಗದಿದ್ದರೆ ಪರವಾಗಿಲ್ಲ, ಕೈ ಮಾತ್ರ ಹಿಡಿಯಲೇಬೇಕು. ಹಿಡಿಯದಿದ್ದರೆ ಆ ಮನುಷ್ಯನಿಗೂ ನಿನಗೂ ಸಂಬಂಧ ಮುಗಿಯಿತು ಎಂದು ಪೇಟೆಯೇ ತಿಳಿಯುತ್ತದೆ.

ಅಂಗಡಿಯ ಸಾವಕಾರರು ತೀರಿಕೊಂಡ ಮೇಲೆ ಅವರ ಮಕ್ಕಳು ಅಂಗಡಿ ಮುಚ್ಚಿ ಆ ಜಾಗದಲ್ಲಿ ಮೋಟರ್‌ಸೈಕಲ್ ಶೋರೂಮ್ ಹಾಕಿದರು. ಒಳ್ಳೆಯ ಹುಡುಗರೇ. “ಕಾಕಾ, ನೀವು ಎಲ್ಲೂ ಹೋಗಬ್ಯಾಡ್ರಿ, ಸೇಲ್ಸಿಗೆ ನಿಲ್ರಿ” ಅಂದರು. ಮೋಟರ್‌ಸೈಕಲ್ಲಿಗೆ ರೇಟು ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿರುತ್ತಾರೆ. ಅಲ್ಲಿ ನನಗೇನು ಕೆಲಸ? ಒಂದು ವಾರ ನಿಂತು ನೋಡಿ ನಮ್ಮೂರು ಕರೋಶಿಗೆ ಬಂದು ಮನೆಯ ಕಟ್ಟೆಯ ಮೇಲೆ ಕೂತೆ.

ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಟ್ಟೆಯ ಮೇಲೆ ಕೂತ ಗಂಡಸನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಒಂದು ದಿನ ಶಾಲೆಯಿಂದ ಬಂದವಳೇ ಬ್ಯಾಗು ಇಳಿಸದೆ ಶುರು ಮಾಡಿದಳು.

“ನಮ್ಮ ಸಾಲಿಗೆ ಕಂಪ್ಯೂಟರ್ ಬಂದು ವರ್ಷ ಆತು. ಕೆಟ್ಟು ಕುಂತಾವ. ನೋಡಾಕ ಯಾರೂ ಇಲ್ಲ. ಎಲ್ಲಾ ಸಾಲ್ಯಾಗೂ ಇದ ಹಣೇಬರಾ ಐತಿ. ಚಿಕ್ಕೋಡ್ಯಾಗ ಕಲಸ್ತಾರಂತ, ಕಲೀರಿ.”

“ನನಗ ಇಂಗ್ಲಿಷ್ ಬರಂಗಿಲ್ಲ.”

“ಮರಾಠಿ ಏನು ಹೊಟ್ಟ್ಯಾಗಿಂದ ಕಲ್ತು ಬಂದಿದ್ರೇನು? ಪ್ಯಾಟಿಗೆ ಹೋದ ಮ್ಯಾಲೆ ಕಲ್ತ್ರಿಲ್ಲೋ?”

ಮರುದಿನ ಬಸ್ಸು ಹತ್ತಿದೆ.

ಕ್ಲಾಸು ಚಿಕ್ಕೋಡಿಯಲ್ಲಿ ಒಂದು ಬೇಕರಿಯ ಮಾಳಿಗೆಯ ಮೇಲಿತ್ತು. ಕೆಳಗೆ ಬ್ರೆಡ್ಡು ಬೇಯುವ ಹೊತ್ತಿಗೆ ನಮ್ಮ ಪಾಠ. ಹೊಸದರಲ್ಲಿ ನಾನು ಕಲಿತದ್ದು ಹಸಿವನ್ನು ತಡೆದುಕೊಳ್ಳುವುದನ್ನು ಮಾತ್ರ. ಜೊತೆಯ ವಿದ್ಯಾರ್ಥಿಗಳೆಲ್ಲ ಪಿಯುಸಿ ಮುಗಿಸಿದವರು. ನಾನು ಒಳಗೆ ಹೋದಾಗ ಎಲ್ಲರೂ ಎದ್ದು ನಿಂತರು, ಯಾರೋ ಸಾಹೇಬರು ಬಂದರು ಅಂದುಕೊಂಡು. ಹಿಂದಿನ ಬೆಂಚಿಗೆ ಹೋಗಿ ಕೂತಾಗ ಕಿಸಕ್ಕೆಂದರು. ಕಲಿಸುವವಳು ರಾಯಬಾಗದ ಹುಡುಗಿ, ವಯಸ್ಸು ಇಪ್ಪತ್ತನಾಲ್ಕು ಇರಬಹುದು, ತೆಳ್ಳಗೆ ಗಟ್ಟಿ ದನಿಯವಳು. ನನ್ನನ್ನು ಏನೆಂದು ಕರೆಯಬೇಕೆಂದು ಅವಳಿಗೆ ತೋಚಲಿಲ್ಲ. ಎರಡು ದಿನ ಏನೂ ಕರೆಯದೆ, ಮೂರನೆಯ ದಿನದಿಂದ ಅಂಕಲ್ ಅಂದಳು. ನಾನು ಅವಳನ್ನು ಮೇಡಮ್ ಅಂದೆ. ನನಗೆ ವಿದ್ಯೆ ಕೊಡುವವರು ಯಾರೇ ಆಗಲಿ, ಎದುರಿಗೆ ಬಹುವಚನವೇ.

ನನ್ನ ಮೊದಲ ತೊಂದರೆ ಟೈಪಿಂಗ್. ಬಲಗೈಯ ತೋರುಬೆರಳೊಂದನ್ನೇ ಎತ್ತಿ, ಅಕ್ಷರ ಹುಡುಕಿ, ಕುಕ್ಕುತ್ತಿದ್ದೆ. ಪಕ್ಕದ ಹುಡುಗರು ಒಂದು ಪುಟ ಮುಗಿಸುವಷ್ಟರಲ್ಲಿ ನಾನು ನನ್ನ ಹೆಸರು ಮುಗಿಸುತ್ತಿದ್ದೆ. ಮೇಡಮ್ ಒಂದು ದಿನ ನೋಡಿ ನೋಡಿ ಬೇಸತ್ತು, “ಅಂಕಲ್, ಆ ಟಾವೆಲ್ ಕೊಡ್ರಿ ಇಲ್ಲೆ” ಅಂದಳು. ನನ್ನ ಹೆಗಲ ಮೇಲಿನ ಟಾವೆಲ್ಲು ತೆಗೆದು ಕೀಬೋರ್ಡಿನ ಮೇಲೆ, ನನ್ನ ಎರಡೂ ಕೈ ಮುಚ್ಚುವಂತೆ ಹಾಸಿದಳು. “ಈಗ ನೋಡದs ಹೊಡೀರಿ. ಎಫ್ ಮ್ಯಾಲೆ, ಜೆ ಮ್ಯಾಲೆ ಸಣ್ಣ ಗೆರಿ ಐತಿ, ಬೆರಳಿಗೆ ಸಿಗತೈತಿ. ಅಲ್ಲಿಂದ ಲೆಕ್ಕಾ ಹಿಡೀರಿ.”

ಅವಳಿಗೆ ನನ್ನ ಹಳೆಯ ಕಸುಬು ಗೊತ್ತಿರಲಿಲ್ಲ. ಟೈಪಿಂಗ್ ಕಲಿಸುವವರೆಲ್ಲ ಮಾಡುವ ಉಪಾಯವಂತೆ ಅದು. ಆದರೆ ಟಾವೆಲ್ಲಿನ ಕೆಳಗೆ ಹೋದದ್ದೇ ತಡ, ನನ್ನ ಬೆರಳುಗಳಿಗೆ ತವರಿಗೆ ಬಂದಷ್ಟು ನಿರಾಳವಾಯಿತು. ಗೆರೆ ಸಿಕ್ಕಿತು, ಅಕ್ಕಪಕ್ಕದ ಅಕ್ಷರ ಸಿಕ್ಕವು. ತಿಂಗಳೊಪ್ಪತ್ತಿನಲ್ಲಿ ಕ್ಲಾಸಿನಲ್ಲಿ ಯಾರಿಗೂ ಕಡಿಮೆ ಇಲ್ಲದಂತೆ ಹೊಡೆಯತೊಡಗಿದೆ. ಟಾವೆಲ್ಲು ತೆಗೆದರೆ ಮಾತ್ರ ಮತ್ತೆ ಕುಕ್ಕುವ ಕೋಳಿ. ಹುಡುಗರು ನಕ್ಕು ನಕ್ಕು ಸಾಕಾಗಿ ಆಮೇಲೆ ನಗುವುದನ್ನೇ ಬಿಟ್ಟರು.

ಎರಡನೆಯ ತೊಂದರೆ ವಿಚಿತ್ರದ್ದು. ಪ್ರೋಗ್ರಾಮ್ ಪಾಠ ಶುರುವಾದ ಮೇಲೆ ಮೇಡಮ್ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದು, ಇದನ್ನು ನಡೆಸಿದರೆ ಉತ್ತರ ಎಷ್ಟು ಬರುತ್ತದೆ ಎಂದು ಕೇಳುತ್ತಿದ್ದಳು. ಉತ್ತರ ನನಗೆ ಗೊತ್ತಿರುತ್ತಿತ್ತು. ಬಾಯಿ ಮಾತ್ರ ಬರುತ್ತಿರಲಿಲ್ಲ. ಹತ್ತು ಜನರ ಎದುರು ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವುದು ಎಂದರೆ ಇಪ್ಪತ್ತು ವರ್ಷ ಮಾಡಬಾರದು ಎಂದು ತಿಳಿದ ಕೆಲಸ. ಸಂತೆಯಲ್ಲಿ ಅಂಗಿ ಬಿಚ್ಚಿದಂತೆ ಆಗುತ್ತಿತ್ತು. ವರ್ಷದ ಕೊನೆಗೆ ಅಥಣಿಯಿಂದ ಪರೀಕ್ಷಕರೊಬ್ಬರು ಬಂದರು. ನನ್ನ ಸರದಿ ಬಂದಾಗ ಅವರೂ ಅದನ್ನೇ ಕೇಳಿದರು. ಕೋಣೆಯಲ್ಲಿ ಇನ್ನೂ ನಾಲ್ವರು ಇದ್ದರು. ನಾನು ಅವರನ್ನೆಲ್ಲ ಒಮ್ಮೆ ನೋಡಿ, ಎದ್ದು ಹೋಗಿ ಪರೀಕ್ಷಕರ ಕಿವಿಯಲ್ಲಿ “ಹದಿನೈದು” ಎಂದೆ.

ಅವರು ಕುರ್ಚಿ ಹಿಂದಕ್ಕೆ ಸರಿಸಿದರು. “ಖರೇ ಐತ್ರಿ. ಆದ್ರ ಇದೇನು ಗುಟ್ಟೇನ್ರಿ?”

ಪಾಸು ಮಾಡಿದರು. ಮೇಡಮ್ ಆ ದಿನ ಕೆಳಗಿನ ಬೇಕರಿಯಿಂದ ನನಗೊಂದು ಕೇಕು ತರಿಸಿ ಕೊಟ್ಟಳು. ಅದನ್ನು ಅಲ್ಲಿ ತಿನ್ನಲು ನಾಚಿಕೆಯಾಗಿ ಮನೆಗೆ ಒಯ್ದೆ. ಹೆಂಡತಿ ಅರ್ಧ ತಿಂದು, “ಅಂತೂ ದಡಾ ಮುಟ್ಟಿದ್ರಿ” ಅಂದಳು.

ದಡ ಇನ್ನೂ ದೂರವಿತ್ತು. ಎರಡು ಮೂರು ವರ್ಷ ರಾಯಬಾಗ, ಕಾಗವಾಡ ಎಂದು ತಿರುಗಿ ಶಾಲೆ ಕಾಲೇಜುಗಳ ಕಂಪ್ಯೂಟರಿಗೆ ವೈರು ಎಳೆದೆ, ಧೂಳು ಹೊಡೆದೆ, ವೈರಸ್ ತೆಗೆದೆ. ಕರೆದರೆ ಕೆಲಸ, ಕರೆಯದಿದ್ದರೆ ಕಟ್ಟೆ. ಅಷ್ಟರಲ್ಲಿ ನಮ್ಮ ಕಡೆಯ ಒಂದು ಬೆಲ್ಲದ ಮಾರುಕಟ್ಟೆಯಲ್ಲಿ ಆನ್‌ಲೈನ್ ವ್ಯಾಪಾರ ಶುರುವಾಗುತ್ತದೆ, ಅದನ್ನು ನಡೆಸುವ ಕಂಪನಿಗೆ ಸ್ಥಳದಲ್ಲೇ ಇದ್ದು ಎಲ್ಲ ನೋಡಿಕೊಳ್ಳುವ ಒಬ್ಬ ಬೇಕು ಎಂದು ಗೊತ್ತಾಯಿತು. ಕಂಪ್ಯೂಟರೂ ಗೊತ್ತಿರಬೇಕು, ಪೇಟೆಯೂ ಗೊತ್ತಿರಬೇಕು. ಅಂಥವನು ಮೂರು ತಾಲೂಕಿನಲ್ಲಿ ನಾನೊಬ್ಬನೇ ಇದ್ದೆನೇನೋ. ಫೋನಿನಲ್ಲೇ ಮಾತಾಡಿ ತೆಗೆದುಕೊಂಡರು. ಮೊದಲು ಆರು ತಿಂಗಳು, ಸರಿಹೋದರೆ ಮುಂದೆ ಕಾಯಂ. ಕುತ್ತಿಗೆಗೆ ಫೋಟೋ ಇರುವ ಕಾರ್ಡು ಬಂತು. ಅದನ್ನು ಹಾಕಿಕೊಂಡು ಕನ್ನಡಿ ನೋಡಿದೆ, ಸುಳ್ಳೇಕೆ. ನನಗೆ ಬಹಳ ಸಂತೋಷವಾಗಿತ್ತು. ಭಯವೂ ಆಗಿತ್ತು. ಈ ಕೆಲಸ ಹೋದರೆ ಮತ್ತೊಂದು ಕಸುಬು ಕಲಿಯುವ ತಾಕತ್ತು ನನ್ನಲ್ಲಿ ಉಳಿದಿರಲಿಲ್ಲ.

ಮಾರುಕಟ್ಟೆಯ ಒಂದು ಕೋಣೆಯಲ್ಲಿ ಗೋಡೆಗುಂಟ ಹೊಸ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟಿದ್ದರು. ವ್ಯಾಪಾರಸ್ಥರು ಹೊರಗೆ ಬೆಲ್ಲ ನೋಡಿ ಬಂದು, ತಮ್ಮ ನಾಲ್ಕಂಕಿಯ ಪಾಸ್‌ವರ್ಡ್ ಹಾಕಿ, ಯಾವ ರಾಶಿಗೆ ಎಷ್ಟು ಎಂದು ಟೈಪ್ ಮಾಡಬೇಕು. ಹೆಚ್ಚು ಹಾಕಿದವನಿಗೆ ಮಾಲು. ಒಬ್ಬ ಹಾಕಿದ್ದು ಇನ್ನೊಬ್ಬನಿಗೆ ಕಾಣುವುದಿಲ್ಲ. ನನ್ನ ಮೇಜು ಬಾಗಿಲ ಹತ್ತಿರ.

ಮೊದಲ ದಿನ ವ್ಯಾಪಾರಸ್ಥರು ಬಂದರು, ಕಂಪ್ಯೂಟರುಗಳನ್ನು ನೋಡಿದರು, ಯಾರೂ ಕೂರಲಿಲ್ಲ. ಹೆಚ್ಚಿನವರು ನನ್ನ ಹಳೆಯ ಪರಿಚಯದವರೇ. ಅವರಲ್ಲಿ ಅಂಕಲಿ ಊರಿನ ಒಬ್ಬ ಮುದುಕರು ಎಲ್ಲರಿಗಿಂತ ದೊಡ್ಡ ಖರೀದಿದಾರರು. ಅವರು ಎತ್ತಿದರೆ ಪೇಟೆ ಏಳುತ್ತದೆ, ಇಳಿಸಿದರೆ ಇಳಿಯುತ್ತದೆ. ಅವರು ಸೀದಾ ನನ್ನ ಮೇಜಿಗೆ ಬಂದು, ಟಾವೆಲ್ಲು ಹಾಸಿ, “ಹಾತ್ ದೇ ಕೀ” ಎಂದು ಮರಾಠಿಯಲ್ಲಿ ಹೇಳಿ ಕೈ ಚಾಚಿದರು. ನಾನು ಯೋಚಿಸಲೇ ಇಲ್ಲ. ಕೈ ಕೊಟ್ಟೆ. ಅವರು ರೇಟು ಹಿಡಿದರು. ನಾನು ಎಡಗೈಯಿಂದ ಟೈಪ್ ಮಾಡಿದೆ. ಹಿಂದೆ ನಿಂತವರು ಇದನ್ನು ನೋಡಿ ಸಾಲಾಗಿ ನಿಂತರು. ಒಬ್ಬೊಬ್ಬರಾಗಿ ಟಾವೆಲ್ಲು ಹಾಸಿದರು. ಮಧ್ಯಾಹ್ನದೊಳಗೆ ಇಡೀ ಪೇಟೆಯ ಬೆಲ್ಲ ಆನ್‌ಲೈನಿನಲ್ಲಿ ಮಾರಾಟವಾಗಿತ್ತು.

ಹೀಗೇ ನಡೆಯಿತು, ದಿನಾ. ಬೇರೆ ಊರುಗಳಲ್ಲಿ ವ್ಯಾಪಾರಸ್ಥರು ಈ ಪದ್ಧತಿ ಬೇಡವೆಂದು ಕೂಗಾಡುತ್ತಿದ್ದರಂತೆ. ನಮ್ಮಲ್ಲಿ ಒಂದು ತಕರಾರಿಲ್ಲ. ಕಂಪನಿಯ ಬೆಳಗಾವಿ ಆಫೀಸಿನಿಂದ ನನಗೆ ಶಾಬಾಸ್‌ಗಿರಿ ಬಂತು. ಇದೆಂಥ ಪವಾಡ ಎಂದು ನೋಡಲು ಅಲ್ಲಿನ ಮ್ಯಾನೇಜರ್ ಖುದ್ದಾಗಿ ಬಂದ. ಮೂವತ್ತರ ಆಸುಪಾಸಿನವನು, ಬೆಂಗಳೂರು ಕಡೆಯ ಮಾತು.

ಅವನು ಬಾಗಿಲಲ್ಲಿ ನಿಂತು ನೋಡಿದ. ಗೋಡೆಗುಂಟ ಕಂಪ್ಯೂಟರುಗಳು ಪ್ಲಾಸ್ಟಿಕ್ ಹೊದ್ದು ಕೂತಿದ್ದವು. ನನ್ನ ಮೇಜಿನ ಮುಂದೆ ಟಾವೆಲ್ಲು ಹಿಡಿದವರ ಪಾಳಿ.

“ಏನ್ ಮಾಡ್ತಿದೀರ ನೀವು?”

“ರೇಟ್ ಹಾಕಾಕತ್ತೇನ್ರಿ.”

“ಎಲ್ಲರದ್ದೂ ನೀವೇನಾ? ಅವರ ಪಾಸ್‌ವರ್ಡ್?”

“ಅದನ್ನೂ ಬೆರಳ್ನ್ಯಾಗs ಹೇಳ್ತಾರ್ರಿ.”

ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. ನನ್ನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದ. ದನಿ ಏರಿಸಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. “ಎಲ್ಲರ ಬೆಲೆಯೂ ಒಬ್ಬರಿಗೆ ಗೊತ್ತು ಅಂದ್ರೆ ಇದು ಯಾವ ಸೀಮೆ ಆನ್‌ಲೈನ್? ನಾಳೆ ಯಾರಾದ್ರೂ ದೂರು ಕೊಟ್ರೆ ನಾನೇನು ಹೇಳಲಿ? ಮುಂದಿನ ತಿಂಗಳು ಮತ್ತೆ ಬರ್ತೀನಿ. ಪ್ರತಿಯೊಬ್ಬರೂ ಅವರವರ ಮೆಷಿನ್‌ನಲ್ಲಿ ಕೂತಿರಬೇಕು. ಇಲ್ಲ ಅಂದ್ರೆ ಈ ಜಾಗಕ್ಕೆ ಬೇರೆಯವರನ್ನ ನೋಡಬೇಕಾಗುತ್ತೆ.”

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಚಪ್ಪಲಿ ಎಸೆದೆ. “ಇಪ್ಪತ್ತು ವರ್ಷ ಒಬ್ಬರ ರೇಟು ಇನ್ನೊಬ್ಬರಿಗೆ ಹೇಳಿದಾಂವ ಅಲ್ಲ ನಾ. ನಿನ್ನೆ ಮೊನ್ನೆ ಮೀಸಿ ಬಂದಾಂವ ನನಗ ಕಳ್ಳ ಅಂತಾನ!”

ಹೆಂಡತಿ ಶಾಲೆಯ ಮಕ್ಕಳ ವಹಿಗಳನ್ನು ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ. “ಅಂವ ಕಳ್ಳ ಅಂದಿಲ್ಲ. ನೀವು ಜ್ವರಾ ಬಂದು ಮಲಗಿದ್ರ ಪ್ಯಾಟಿ ಬಂದ್ ಆಗತೈತಿಲ್ಲೋ? ಅದು ಹೇಳ್ರಿ ಮೊದಲ.”

ಆಗುತ್ತಿತ್ತು. ಅದೇ ಸಿಟ್ಟು ನನಗೆ. ನಾನು ಕಲಿತದ್ದೆಲ್ಲ ಬಿಟ್ಟು ಹಳೆಯ ಅಡತಿ ಅಂಗಡಿಯನ್ನೇ ಕಂಪನಿಯ ಕೋಣೆಯೊಳಗೆ ತೆರೆದುಕೊಂಡು ಕೂತಿದ್ದೆ, ಕುತ್ತಿಗೆಯಲ್ಲಿ ಕಾರ್ಡು ಬೇರೆ.

ಮರುದಿನ ಅಂಕಲಿಯ ಮುದುಕರು ಬಂದು ಟಾವೆಲ್ಲು ಹಾಸಿದರು. ನಾನು ಎರಡೂ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು, “ಇನ್ನ ಮ್ಯಾಲೆ ನನ್ನ ಕೈ ಸಿಗಂಗಿಲ್ರಿ. ಅಲ್ಲಿ ಕುಂಡರ್ರಿ, ನಾ ಕಲಸ್ತೇನಿ” ಅಂದೆ. ಅವರ ಕೈ ಟಾವೆಲ್ಲಿನ ಕೆಳಗೆ ಹಾಗೇ ಇತ್ತು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಟಾವೆಲ್ಲು ಮಡಿಚಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಆ ದಿನ ಅವರು ಒಂದು ಪೆಂಟೆಯನ್ನೂ ಕೊಳ್ಳಲಿಲ್ಲ. ಅವರನ್ನು ನೋಡಿ ಉಳಿದವರೂ ಕೊಳ್ಳಲಿಲ್ಲ. ಬೆಲ್ಲ ತಂದ ರೈತರು ನನ್ನ ಕಿಟಕಿಯ ಹೊರಗೆ ನಿಂತು ನನ್ನ ಕುಲಗೋತ್ರವೆಲ್ಲ ಜಾಲಾಡಿದರು. ನಾಲ್ಕಾರು ದಿನ ಹೀಗೇ ಕಳೆಯಿತು. ಕೆಲಸ ಹೋಯಿತು ಎಂದೇ ಲೆಕ್ಕ ಹಾಕಿದೆ.

ಉಪಾಯ ಹೊಳೆದದ್ದು ಮನೆಯಲ್ಲಿ, ಒಣಹಾಕಿದ್ದ ನನ್ನ ಟಾವೆಲ್ಲು ತೆಗೆಯುವಾಗ. ಚಿಕ್ಕೋಡಿಯ ಮೇಡಮ್ ನನ್ನ ಕೈ ಮುಚ್ಚಿದ್ದು ನೆನಪಾಯಿತು. ರವಿವಾರ ಒಂದು ಕೀಬೋರ್ಡನ್ನು ಕೈಚೀಲಕ್ಕೆ ಹಾಕಿಕೊಂಡು ಅಂಕಲಿಗೆ ಹೋದೆ.

ಮುದುಕರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. “ಬಾ” ಎನ್ನಲಿಲ್ಲ. “ಕೈ ಕೊಡದಾಂವ ಕಾಲಿಟ್ಟೀಯೇನು ಮನ್ಯಾಗ?” ಅಂದರು. ನಾನು ಕೀಬೋರ್ಡನ್ನು ಅವರ ತೊಡೆಯ ಮೇಲಿಟ್ಟೆ. ಬಲಬದಿಗೆ ಬರೀ ಅಂಕಿಗಳೇ ಇರುವ ಒಂದು ಚೌಕವಿರುತ್ತದೆ. ಅದರ ಮೇಲೆ ಅವರದೇ ಟಾವೆಲ್ಲು ಹಾಸಿ, ಅವರ ಕೈ ಒಳಗೆ ಎಳೆದೆ. ನನ್ನ ಕೈಯನ್ನೂ ಒಳಗೆ ಹಾಕಿದೆ.

“ನಡುವಿನ ಗುಂಡಿ ಮ್ಯಾಲೆ ಒಂದು ಸಣ್ಣ ಗುಳ್ಳಿ ಐತ್ರಿ. ಸಿಕ್ತಿಲ್ರಿ?”

ಬೆರಳು ಆಡಿತು. “ಹೂಂ.”

“ಅದು ಐದು. ಅದರ ಮ್ಯಾಲೆ ಎಂಟು. ಕೆಳಗ ಎರಡು.”

“ಅಂಗೈ ಇದ್ದಂಗ” ಅಂದರು ಮುದುಕರು, ಗುಳ್ಳೆ ಒತ್ತುತ್ತ.

“ಅಂಗೈ ಇದ್ದಂಗs.”

ಆಮೇಲೆ ಅವರು ನನಗೆ ಕೂರಲು ಹೇಳಿದರು. ಚಹಾ ಬಂತು. ಮಧ್ಯಾಹ್ನದವರೆಗೆ ನಾನು ಒಂದೊಂದು ರೇಟು ಹೇಳುವುದು, ಅವರು ಟಾವೆಲ್ಲಿನ ಕೆಳಗೆ ಒತ್ತುವುದು. ಕಣ್ಣು ಸೂರಿನ ಕಡೆ, ಬಾಯಿ ಕಬ್ಬಿನ ಕಡೆ, ಹಳೆಯ ಪದ್ಧತಿಯಂತೆಯೇ. ಕೊನೆಗೆ ಒಂದು ಅನುಮಾನ ತೆಗೆದರು. “ಟಾವೆಲ್ಲಿನ ಕೆಳಗ ಹೊಡದ್ದು ಮ್ಯಾಲೆ ಕಂಪ್ಯೂಟರ್ ಕಾಜಿನ್ಯಾಗ ಕಾಣತೈತಲ್ಲೋ. ಬೆನ್ನ ಹಿಂದ ನಿಂತಾಂವ ಓದಿದ್ರ?”

ಇದು ನನಗೆ ಹೊಳೆದಿರಲಿಲ್ಲ. ಅವರು ಕೂರಲು ಹೆದರಿದ್ದು ಯಂತ್ರಕ್ಕಲ್ಲ, ಪರದೆಯ ಮೇಲೆ ಬೆತ್ತಲಾಗಿ ಮೂಡುವ ಸಂಖ್ಯೆಗೆ. ಪರೀಕ್ಷಕರ ಕಿವಿಯಲ್ಲಿ ಉತ್ತರ ಹೇಳಿದ ನನಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕಾಗಿತ್ತೇ? ಸೋಮವಾರ ಕಂಪನಿಯ ಪ್ರೋಗ್ರಾಮ್ ಬರೆಯುವ ಹುಡುಗನಿಗೆ ಫೋನು ಮಾಡಿ, ಪಾಸ್‌ವರ್ಡ್ ಹೊಡೆದಾಗ ಚುಕ್ಕೆ ಬರುವಂತೆ ರೇಟು ಹೊಡೆದಾಗಲೂ ಚುಕ್ಕೆ ಬರಲಿ ಎಂದೆ. ಅವನಿಗೆ ಪುರಸೊತ್ತಿರಲಿಲ್ಲ. “ಒಂದೇ ಪದ ಬದಲಿಸಬೇಕು ಸರ್, ನೀವೇ ಮಾಡಿ” ಎಂದು ಜಾಗ ತೋರಿಸಿಕೊಟ್ಟ. ಬದಲಿಸಿದೆ. ಅಂಕಿಯ ಜಾಗದಲ್ಲಿ ಕಪ್ಪು ಚುಕ್ಕೆಗಳು ಮೂಡಿದವು. ಬೇಕರಿಯ ಮೇಲೆ ಕೂತು ಕಲಿತದ್ದು ಅಂದು ಒಂದು ಪದದಷ್ಟು ಉಪಯೋಗಕ್ಕೆ ಬಂತು. ಎದ್ದು ಕುಣಿಯಬೇಕೆನಿಸಿತು. ಸಾಹೇಬರಂತೆ ಕೂತೇ ಇದ್ದೆ.

ಅಂಕಲಿಯ ಮುದುಕರು ಮರುದಿನ ಬಂದು ಕಂಪ್ಯೂಟರಿನ ಮುಂದೆ ಕೂತು, ಅಂಕಿಯ ಚೌಕದ ಮೇಲೆ ಟಾವೆಲ್ಲು ಹಾಸಿದರು. ಅವರು ಕೂತ ಮೇಲೆ ಇನ್ಯಾರು ನಿಲ್ಲುತ್ತಾರೆ? ಒಬ್ಬೊಬ್ಬರ ಪಕ್ಕ ಕೂತು, ಟಾವೆಲ್ಲಿನ ಕೆಳಗೆ ಕೈ ಹಿಡಿದು, ಗುಳ್ಳೆ ಎಲ್ಲಿದೆ ಎಂದು ತೋರಿಸಿದೆ. ಕೆಲವರಿಗೆ ಒಂದು ದಿನ ಸಾಕಾಯಿತು. ಕೆಲವರು ಮತ್ತೆ ಮತ್ತೆ ಸೊನ್ನೆ ಜಾಸ್ತಿ ಒತ್ತಿ ಬೊಬ್ಬೆ ಹೊಡೆದರು. ಬೈದು ಕಲಿಸಿದೆ. ನನ್ನ ಮೇಡಮ್ಮಿಗಿದ್ದ ತಾಳ್ಮೆ ನನಗಿಲ್ಲ.

ಮ್ಯಾನೇಜರ್ ಹೇಳಿದಂತೆ ಬಂದ. ಎಲ್ಲ ಕಂಪ್ಯೂಟರುಗಳ ಮುಂದೆಯೂ ಜನ, ಪ್ರತಿ ಕೀಬೋರ್ಡಿನ ಮೇಲೆ ಒಂದು ಟಾವೆಲ್ಲು, ಪ್ರತಿಯೊಬ್ಬನೂ ಸೂರು ನೋಡುತ್ತ ಪಕ್ಕದವನ ಜೊತೆ ಮಳೆಯ ಮಾತಾಡುತ್ತಿದ್ದಾನೆ. ಅವನು ಬಹಳ ಹೊತ್ತು ನಿಂತು ನೋಡಿದ. “ಆ ಬಟ್ಟೆ ಯಾಕೆ?” ಎಂದು ಕೇಳಿದ.

“ಧೂಳ್ರಿ” ಅಂದೆ.

ನಕ್ಕ. ಅವನಿಗೆ ಎಲ್ಲ ಅರ್ಥವಾಗಿತ್ತು ಎಂದು ಈಗ ಅನಿಸುತ್ತದೆ. ಹೊರಡುವಾಗ ಕೈ ಕುಲುಕಿ, ಕಾಯಂ ಆರ್ಡರ್ ವಾರದೊಳಗೆ ಬರುತ್ತದೆ ಎಂದ. ಹೆಂಡತಿಗೆ ಫೋನು ಮಾಡಿದೆ. ಪಾಠ ಮಾಡಾಕತ್ತೇನಿ, ಆಮೇಲೆ ಮಾತಾಡ್ತೇನಿ ಅಂದಳು, ಆದರೆ ಫೋನು ಇಡಲಿಲ್ಲ.

ಆಮೇಲಿನ ದಿನಗಳಲ್ಲಿ ನನಗೆ ಕೆಲಸ ಕಡಿಮೆಯಾಯಿತು. ಮುಂಜಾನೆ ಎಲ್ಲ ಚಾಲೂ ಮಾಡುವುದು, ಕರೆಂಟು ಹೋದರೆ ನೋಡಿಕೊಳ್ಳುವುದು, ಸಂಜೆ ಮುಚ್ಚುವುದು. ವ್ಯಾಪಾರಸ್ಥರು ಬಂದು ನಮಸ್ಕಾರ ಹೇಳಿ ಸೀದಾ ತಮ್ಮ ಜಾಗಕ್ಕೆ ಹೋಗುತ್ತಿದ್ದರು. ಯಾವ ರಾಶಿಗೆ ಯಾರು ಎಷ್ಟು ಹಾಕಿದರು ಎಂಬುದು ನನಗೆ ಗೊತ್ತಾಗುತ್ತಿರಲಿಲ್ಲ. ಪೇಟೆಗೆ ಕಾಲಿಟ್ಟಂದಿನಿಂದ ಮೊದಲ ಸಲ ಪೇಟೆಯ ನಡುವೆ ಕೂತು ಪೇಟೆಯ ರೇಟು ಗೊತ್ತಿಲ್ಲದವನಾಗಿದ್ದೆ. ಹಾಗೆ ಆಗಲಿ ಎಂದೇ ನನ್ನನ್ನು ಇಟ್ಟಿದ್ದರು. ನಾನೇ ಹಾಗೆ ಮಾಡಿದ್ದೆ. ಆದರೂ ಕಣ್ಣು ಅವರ ಟಾವೆಲ್ಲುಗಳ ಕಡೆಗೇ ಹೋಗುತ್ತಿತ್ತು.

ಆರ್ಡರ್ ಬಂದ ದಿನ ಎಲ್ಲರಿಗೂ ಪೇಢೆ ಹಂಚಿದೆ. ವ್ಯಾಪಾರ ಮುಗಿದು ಕೋಣೆ ಖಾಲಿಯಾದ ಮೇಲೆ ಅಂಕಲಿಯ ಮುದುಕರು ನನ್ನ ಮೇಜಿನ ಹತ್ತಿರ ಬಂದರು. ಟಾವೆಲ್ಲು ಹಾಸಿ ಕೈ ಚಾಚಿದರು. ಕಲಿತದ್ದು ಮರೆತರೇನೋ ಎಂದುಕೊಂಡು ಕೈ ಕೊಟ್ಟೆ. ಯಾವ ಬೆರಳು ಹಿಡಿಯುತ್ತಾರೆ ಎಂದು ಕಾದೆ. ಅವರು ಯಾವ ಬೆರಳನ್ನೂ ಹಿಡಿಯಲಿಲ್ಲ. ಹೆಬ್ಬೆರಳಿನಿಂದ ನನ್ನ ಅಂಗೈಯ ನಡುವೆ ಏನನ್ನೋ ಹುಡುಕುತ್ತಿದ್ದರು.

“ಎಷ್ಟ್ರಿ?” ಎಂದು ಕೇಳಿದೆ.

“ಎಷ್ಟೂ ಇಲ್ಲ” ಅಂದರು. “ನಿನ್ನ ಕೈಯಾಗ ಆ ಗುಳ್ಳಿ ಇಲ್ಲಲೋ.”

ಅವರು ನಕ್ಕರು. ನನಗೆ ನಗು ಬರಲಿಲ್ಲ, ಕಣ್ಣು ತುಂಬಿ ಬಂತು. ಅವರು ಟಾವೆಲ್ಲು ಎಳೆದುಕೊಳ್ಳಲಿ ಎಂದು ಕಾದೆ, ಅವರು ಎಳೆದುಕೊಳ್ಳಲಿಲ್ಲ. ಇಬ್ಬರೂ ಹಾಗೇ ಈ ಸಲದ ಕಬ್ಬಿನ ವಿಷಯ ಮಾತಾಡಿದೆವು.